ಎಚ್.ಐ.ವಿ. ತಡೆಯಲು ಬಂದ ವಿದ್ಯಾರ್ಥಿಗಳು
(ಗ್ರಾಮದ ಶಿಬಿರದಲ್ಲಿ ಮಾಡಿದ ಭಾಷಣ)



ಶಿಬಿರಕ್ಕೆ ಬಂದಿರುವ ಕಾಲೇಜಿನ ಹುಡುಗ ಹುಡುಗಿಯರು ನಿನ್ನೆ ಮನೆಮನೆಗೂ ಬಂದು ಎಚ್.ಐ.ವಿ. ವಿಚಾರ ಮಾತನಾಡಿದರಷ್ಟೆ. "ಮೀಸೆ ಮೂಡದವರು ನಮಗೇನು ಹೇಳಿಯಾರು?" ಎಂದು ಕೆಲವರು ನಕ್ಕಿರಿ. ನಕ್ಕವರು ಒಂದು ಸಂಗತಿ ಕೇಳಬೇಕು.

ಈ ರೋಗಾಣು ನಮ್ಮ ದೇಶಕ್ಕೂ ಬಂದಿದೆಯೆಂದು 1986ರಲ್ಲಿ ಮೊದಲು ತಿಳಿದದ್ದು ಒಬ್ಬ ವಿದ್ಯಾರ್ಥಿನಿಯ ದುಡಿಮೆಯಿಂದ. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ನಿರ್ಮಲಾ ಎಂಬಾಕೆ ತಮ್ಮ ಗುರು ಡಾ. ಸುನೀತಿ ಸಾಲೊಮನ್ ಅವರ ಮಾತಿನಂತೆ ರಕ್ತದ ಮಾದರಿಗಳನ್ನು ಕೂಡಿಸಿದರು. ಇಡಲು ತಕ್ಕ ಸ್ಥಳವಿಲ್ಲದೆ ಮನೆಯ ಫ್ರಿಜ್ಜಿನಲ್ಲೇ ಇಟ್ಟರು. ವೆಲ್ಲೂರಿಗೆ ರೈಲಿನಲ್ಲಿ ಒಯ್ದು ಪರೀಕ್ಷೆ ಮಾಡಿಸಲು ಆರು ಮಾದರಿಗಳಲ್ಲಿ ಸೋಂಕು ಕಂಡಿತು. ರಕ್ತ ಕೊಟ್ಟವರು ಯಾರೆಂದಿರಿ? ಪೊಲೀಸರು ಹಿಡಿದು ತಂದು ಆಶ್ರಯಗೃಹದಲ್ಲಿ ಇರಿಸಿದ್ದ ಬಡ ಹೆಂಗಸರು. ರೋಗ ಅಂಟಿಸಿದವರು ಯಾರೋ, ಹೆಸರು ಕೆಟ್ಟದ್ದು ಮಾತ್ರ ಅವರದು. ಇಂದಿಗೂ ಹಳ್ಳಿಗಳಲ್ಲಿ ನಡೆಯುವುದು ಹಾಗೆಯೇ ಅಲ್ಲವೆ? ಗಂಡನಿಂದ ಸೋಂಕು ತಗುಲಿದ ಹೆಂಡತಿಯನ್ನು, ಅವನು ಸತ್ತ ಮೇಲೆ, ಹೊರಗೆ ಹಾಕುತ್ತಾರೆ. 2017ರ ಕಾಯಿದೆ ಇದನ್ನು ಒಪ್ಪುವುದಿಲ್ಲ. ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗೆ ಉಂಟು.

ಒಟ್ಟಿಗೆ ಉಂಡರೆ, ಒಂದೇ ಬಾವಿಯ ನೀರು ಕುಡಿದರೆ, ಸೊಳ್ಳೆ ಕಚ್ಚಿದರೆ ಇದು ಅಂಟದು. ಅಂಟುವುದು ರಕ್ಷಣೆಯಿಲ್ಲದ ಸಂಭೋಗದಿಂದ, ಸೋಂಕಿನ ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ, ತಾಯಿಯಿಂದ ಮಗುವಿಗೆ. ನಿರೋಧ್ ಬಳಸಲು ನಾಚಬೇಡಿ. ಬಸುರಿಯರು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಲಿ. ಬೇಗ ಔಷಧಿ ಹಿಡಿದರೆ ಮಗು ಬಹುಮಟ್ಟಿಗೆ ಪಾರಾಗುತ್ತದೆ. ಔಷಧಿಯನ್ನು ಸರಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ. ದಿನವೂ ಬಿಡದೆ ನುಂಗಿ, ರಕ್ತದಲ್ಲಿ ರೋಗಾಣು ಕಾಣದಷ್ಟು ಇಳಿದರೆ, ಸಂಭೋಗದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ.

ಆದರೆ ಔಷಧಿ ಉಚಿತವಾದರೆ ಸಾಕೆ? ಹೋದ ದಿನದ ಕೂಲಿಯನ್ನು ಯಾರೂ ಕಟ್ಟಿಕೊಡುವುದಿಲ್ಲ. ಸ್ವಂತ ಜಮೀನುಳ್ಳವನು ಗುಟ್ಟಾಗಿ ಪಟ್ಟಣಕ್ಕೆ ಹೋಗಿಬರುತ್ತಾನೆ. ಕೂಲಿಯವಳು ಎರಡು ತಿಂಗಳು ಹೋಗಿ ಮೂರನೆಯ ತಿಂಗಳು ನಿಲ್ಲಿಸುತ್ತಾಳೆ. ಈ ಮಾತು ಹೇಳಿಕೊಟ್ಟವರು ಈ ವಿದ್ಯಾರ್ಥಿಗಳೇ. ಪೋಸ್ಟರು ಅಂಟಿಸಿ ಹೋಗುವವರೆಂದು ನಾನೂ ಮೊದಲು ತಿಳಿದಿದ್ದೆ. ಇವರ ಕಾಲೇಜಿನ ರೆಡ್ ರಿಬ್ಬನ್ ಕ್ಲಬ್ಬಿನವರು ಕೇಳಿದವರ ಜೊತೆಯಲ್ಲಿ ಆಸ್ಪತ್ರೆಗೆ ಹೋಗಲು ಸಿದ್ಧರಿದ್ದಾರೆ. ಯಾರ ಹೆಸರನ್ನೂ ಹೊರಗೆ ಆಡುವುದಿಲ್ಲ.

ನಾಳೆ ಬೆಳಗ್ಗೆ ಇವರು ಕೆಳಗೇರಿಗೂ ಬರುತ್ತಾರೆ. ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ. ಬಾಯಿಬಿಟ್ಟು ಕೇಳಲಾರದವರು 1097ಕ್ಕೆ ಫೋನು ಮಾಡಬಹುದು, ಅದಕ್ಕೂ ಹಣವಿಲ್ಲ.