ಕಿರಿಯ ಸಂಶೋಧಕರಿಗೆ ಆಸರೆ

ಮೈಸೂರಿನ ಪ್ರಾಚ್ಯ ಪುಸ್ತಕಾಲಯ ಆರಂಭವಾದದ್ದು 1891ರಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ತಂದುಕೊಟ್ಟ ಓಲೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕಂಡುಕೊಂಡರು. 1909ರಲ್ಲಿ ಗ್ರಂಥ ಅಚ್ಚಾಯಿತು. ಈ ಪ್ರಸಂಗವನ್ನು ಹೇಳುವಾಗಲೆಲ್ಲ ನಾವು ಶಾಸ್ತ್ರಿಗಳ ಪಾಂಡಿತ್ಯವನ್ನು ಕೊಂಡಾಡುತ್ತೇವೆ. ಕೊಂಡಾಡತಕ್ಕದ್ದೇ. ಆದರೆ ಅವರು ಆ ಪುಸ್ತಕಾಲಯದ ಸಂಬಳದ ನೌಕರರಾಗಿದ್ದರು, ಕಟ್ಟು ಬಿಚ್ಚಿ ಓದುವುದೇ ಅವರ ಉದ್ಯೋಗವಾಗಿತ್ತು ಎಂಬ ಸಂಗತಿ ಮಾತ್ರ ನಮ್ಮ ನೆನಪಿನಿಂದ ಜಾರಿಹೋಗುತ್ತದೆ.

ಇಂದಿನ ತರುಣ ಸಂಶೋಧಕರಲ್ಲಿ ಅಂಥ ನಿಶ್ಚಿಂತೆ ಎಷ್ಟು ಮಂದಿಗಿದೆ? ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಿರಿಯ ಸಂಶೋಧನ ವೇತನ 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿತು. ಸಂತೋಷ. ಅದನ್ನು ಪಡೆಯುವವರು ಕೆಲವರೇ. ಉಳಿದವರು ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿದು, ರಾತ್ರಿ ಹತ್ತರ ಮೇಲೆ ಪಂಪನನ್ನೋ ಜನಗಣತಿಯ ವರದಿಗಳನ್ನೋ ತೆರೆಯುತ್ತಾರೆ. ವೇತನ ಉಳ್ಳವರಿಗೂ ಅದು ಎಷ್ಟೋ ವೇಳೆ ತಿಂಗಳುಗಟ್ಟಲೆ ತಡವಾಗಿ ಕೈಸೇರುತ್ತದೆ. ಬಾಡಿಗೆ ಕೇಳುವ ಮನೆಯೊಡೆಯನಿಗೆ ಇದನ್ನು ವಿವರಿಸುವುದು ಸುಲಭವಲ್ಲ.

2022ರ ನಿಯಮಗಳು ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕೆಂಬ ಕಟ್ಟಳೆಯನ್ನು ಕೈಬಿಟ್ಟವು. ಒಳ್ಳೆಯದೇ ಆಯಿತು, ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಆ ಕಟ್ಟಳೆಯಿಂದಲೇ ಕೊಬ್ಬಿದ್ದವು. ಆದರೆ ಅದೇ ನಿಯಮಗಳಿಂದ ಎಂ.ಫಿಲ್. ಪದವಿಯೂ ನಿಂತಿತು. ದೊಡ್ಡ ಕೆಲಸಕ್ಕೆ ಮುನ್ನ ಕೈ ಪಳಗಿಸಿಕೊಳ್ಳಲು ಇದ್ದ ಚಿಕ್ಕ ಅಂಗಳ ಅದು. ಈಗ ಆ ಪಳಗುವಿಕೆಯ ಹೊಣೆ ಪೂರ್ತಿಯಾಗಿ ಮಾರ್ಗದರ್ಶಕರ ಮೇಲೆ ಬಿದ್ದಿದೆ.

ಮಾರ್ಗದರ್ಶನವೆಂದರೇನು? ವೀರಗಲ್ಲುಗಳ ಮೇಲೆ ಕೆಲಸಮಾಡುತ್ತಿರುವ ಹೆಣ್ಣುಮಗಳೊಬ್ಬಳನ್ನು ಬಲ್ಲೆ. ರೈಸ್ ಸಾಹೇಬರ 'ಎಪಿಗ್ರಾಫಿಯ ಕರ್ನಾಟಿಕ'ದ ಪುಟಗಳು ಆಕೆಗೆ ಕರತಲಾಮಲಕ. ಆದರೆ ಎರಡು ವರ್ಷ ಕಳೆದರೂ ಕಲ್ಲಿನೆದುರು ಕುಳಿತು ಓದಿರಲಿಲ್ಲ. ಹಳ್ಳಿಯ ಹೊರಗಣ ಪೊದೆಯ ಬಳಿಗೆ ಆಕೆ ಒಬ್ಬಳೇ ಹೋಗುವುದೆಂತು? ಬಸ್ಸಿನ ಖರ್ಚು ಯಾರದು? ಕಡೆಗೆ ಶಾಸನ ಬಲ್ಲ ಹಿರಿಯರೊಬ್ಬರು ಎರಡು ದಿನ ಜೊತೆಗೆ ಹೋದರು. ಕಲ್ಲು ತೊಳೆದು, ಇಳಿಬಿಸಿಲಿನ ಓರೆ ಬೆಳಕಿಗೆ ಕಾದು, ರಕಾರವೋ ಶಕಟರೇಫವೋ ಎಂದು ಬೆರಳಿನಿಂದ ತಡವಿ ನೋಡುವುದನ್ನು ಕಲಿಸಿದರು. ಅಚ್ಚಾದ ಪಾಠವನ್ನು ಸಂದೇಹಿಸುವ ಧೈರ್ಯ ಆಕೆಗೆ ಬಂದದ್ದು ಅಲ್ಲಿಂದ. ಆರು ವಿಚಾರಗೋಷ್ಠಿಗಳು ಇದನ್ನು ಕೊಡಲಾರವು.

ಇದಕ್ಕೆ ತದ್ವಿರುದ್ಧವಾದುದೂ ಉಂಟು. ಶಿಷ್ಯನ ಕೈಯಲ್ಲಿ ಉತ್ತರಪತ್ರಿಕೆ ತಿದ್ದಿಸಿ, ಗೋಷ್ಠಿಗೆ ಕುರ್ಚಿ ಜೋಡಿಸಿಸಿ, ಕೊನೆಗೆ ಅವನ ಲೇಖನದ ನೆತ್ತಿಯ ಮೇಲೆ ತಮ್ಮ ಹೆಸರನ್ನು ಮೊದಲು ಬರೆದುಕೊಳ್ಳುವವರನ್ನು ನಾನು ಕಂಡಿದ್ದೇನೆ. ಅದನ್ನು ಗುರುದಕ್ಷಿಣೆ ಎನ್ನುವವರಿದ್ದಾರೆ. ನಾನು ಕಳವು ಎನ್ನುತ್ತೇನೆ. ಇಂಥಲ್ಲಿ ಮಾರ್ಗದರ್ಶಕರನ್ನು ಬದಲಾಯಿಸಿಕೊಳ್ಳಲು ವಿದ್ಯಾರ್ಥಿಗೆ ನಿರ್ಭಯವಾದ ದಾರಿಯೊಂದು ಇರಬೇಕು.

ನಿವೃತ್ತರಾದ ನಮ್ಮಂಥವರಲ್ಲಿ ಬಿಡುವು ಉಂಟು, ಪೆಟ್ಟಿಗೆ ತುಂಬ ಟಿಪ್ಪಣಿಯ ಚೀಟಿಗಳೂ ಉಂಟು. ನಮ್ಮ ಊರಿನಲ್ಲಿ ಮೂವರು ಸೇರಿ ತಿಂಗಳಿಗೊಂದು ಭಾನುವಾರ ಕೂಡುತ್ತೇವೆ. ತರುಣರೊಬ್ಬರು ತಾವು ಬರೆದ ಹತ್ತು ಪುಟಗಳನ್ನು ಮುಂಚಿತವಾಗಿ ಕಳಿಸಬೇಕು, ನಾವು ಸಾಲುಸಾಲಾಗಿ ಓದಿಕೊಂಡು ಬಂದಿರಬೇಕು, ಕರಾರು ಇಷ್ಟೇ. ಈ ತಿಂಗಳ ಸರದಿ ಕೆರೆಯ ಶಾಸನಗಳ ಮೇಲೆ ಬರೆಯುತ್ತಿರುವ ಹುಡುಗನದು. ಅವನ ಪುಟಗಳು ನಿನ್ನೆ ಬಂದವು.