6/6 ಇದ್ದರೆ ಸಾಕೆ? ನಲವತ್ತು ದಾಟಿದ ಕಣ್ಣಿನ ಮಾತು



ಮೊದಲು ಒಂದು ಚಿಕ್ಕ ಕೆಲಸ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದೇ ಆ ಕಿಂಡಿಯಲ್ಲಿ ವೇದಿಕೆಯ ದೀಪ ನೋಡಿ. ಈಗ ಎಡಗಣ್ಣು ಮುಚ್ಚಿ. ದೀಪ ಅಲ್ಲೇ ಇದ್ದರೆ ನಿಮ್ಮದು ಬಲಗಣ್ಣು ಪ್ರಬಲ, ಮಾಯವಾದರೆ ಎಡಗಣ್ಣು. ಸುಮಾರು ಮೂವರಲ್ಲಿ ಇಬ್ಬರಿಗೆ ಬಲಗಣ್ಣೇ ಪ್ರಬಲ. ಗುರಿ ಹಿಡಿಯುವಾಗ ಮಿದುಳು ನೆಚ್ಚುವ ಕಣ್ಣು ಅದು. ಆದರೆ ಚೆನ್ನಾಗಿ ಕಾಣುವ ಕಣ್ಣೂ ಅದೇ ಆಗಿರಬೇಕೆಂದಿಲ್ಲ.

ನನ್ನ ಬಳಿ ಬಂದಿದ್ದ ಕರಾವಳಿಯ ಒಬ್ಬ ಚಾಲಕರ ವಿಷಯ ಹೇಳುತ್ತೇನೆ. ವಯಸ್ಸು ಐವತ್ತರ ಮೇಲೆ. ಲೈಸೆನ್ಸಿನ ಕಣ್ಣಿನ ಪರೀಕ್ಷೆ ಪಾಸಾಗಿತ್ತು. "ಸರ್, ಸಂಜೆ ಹೊತ್ತು ಬೂದು ಬಣ್ಣದ ಕಾರು ಹತ್ತಿರ ಬಂದಮೇಲೇ ಕಾಣುತ್ತದೆ. ಕಂಪನಿಗೆ ಹೇಳಬೇಡಿ, ಕೆಲಸ ಹೋಗುತ್ತದೆ" ಎಂದರು. ಎರಡೂ ಕಣ್ಣು ಸೇರಿಸಿ ಓದಿದರೆ 6/6. ಒಂದೊಂದೇ ಕಣ್ಣು ನೋಡಿದಾಗ ಗೊತ್ತಾಯಿತು: ಅವರ ಪ್ರಬಲ ಬಲಗಣ್ಣಿನಲ್ಲಿ ಪೊರೆ ಶುರುವಾಗಿತ್ತು. ಎಡಗಣ್ಣು ಸದ್ದಿಲ್ಲದೆ ಅದರ ಕೆಲಸ ಮಾಡುತ್ತಿತ್ತು.

ಇದು ಹೇಗೆ ತಪ್ಪಿಹೋಗುತ್ತದೆ? ನಾವು ಓದುವ ಅಕ್ಷರದ ಚಾರ್ಟು 1862ರಲ್ಲಿ ಡಚ್ ವೈದ್ಯ ಸ್ನೆಲ್ಲನ್ ಮಾಡಿದ್ದರ ವಂಶದ್ದು. ಬಿಳಿ ಹಲಗೆ, ಕಡುಕಪ್ಪು ಅಕ್ಷರ. ಆದರೆ ನಮ್ಮ ಜಗತ್ತು ಅಷ್ಟು ಕಪ್ಪುಬಿಳುಪಲ್ಲ. ಸೈಟಿನಲ್ಲಿ ಬೂದು ಕಾಂಕ್ರೀಟಿನ ಮೇಲೆ ಬೂದು ಮೆಟ್ಟಿಲು. ಚಳಿಗಾಲದ ಬೆಳಿಗ್ಗೆ ಅಬುಧಾಬಿ ರಸ್ತೆಯ ಮಂಜಿನಲ್ಲಿ ಬಿಳಿ ವ್ಯಾನು. ಹಿನ್ನೆಲೆಯಿಂದ ವಸ್ತುವನ್ನು ಬೇರೆ ಮಾಡಿ ಕಾಣುವ ಈ ಶಕ್ತಿಯೇ ಕಾಂಟ್ರಾಸ್ಟ್ ಸಂವೇದನೆ. ಅದನ್ನು ಅಳೆಯಲು 1988ರಲ್ಲಿ ಪೆಲ್ಲಿ-ರಾಬ್ಸನ್ ಚಾರ್ಟು ಬಂತು: ಅಕ್ಷರಗಳ ಗಾತ್ರ ಒಂದೇ, ಕೆಳಗೆ ಹೋದಂತೆ ಬಣ್ಣ ಮಾತ್ರ ಮಾಸುತ್ತದೆ.

ನಲವತ್ತರ ನಂತರ ಚಾಳೀಸು ಬರುವುದು ಎಲ್ಲರಿಗೂ ಗೊತ್ತು. ಜೊತೆಗೆ ಮಸೂರ ಹಳದಿಯಾಗುತ್ತದೆ, ಒಳಗೆ ಬೆಳಕು ಚದುರುತ್ತದೆ, ಕತ್ತಲಲ್ಲಿ ಪಾಪೆ ಮೊದಲಿನಷ್ಟು ಅಗಲವಾಗುವುದಿಲ್ಲ. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆ ಇದ್ದರೆ ಕಾಂಟ್ರಾಸ್ಟ್ ಇನ್ನೂ ಕುಗ್ಗುತ್ತದೆ. ಎರಡೂ ಕಣ್ಣು ಸಮವಾಗಿದ್ದರೆ ಒಟ್ಟಿಗೆ ನೋಡುವಾಗ ಒಂದೇ ಕಣ್ಣಿಗಿಂತ ಸುಮಾರು 40 ಶೇಕಡಾ ಹೆಚ್ಚು ಕಾಂಟ್ರಾಸ್ಟ್ ಸಿಗುತ್ತದೆ. ಒಂದು ಕಣ್ಣು ಹಿಂದೆ ಬಿದ್ದರೆ ಆ ಲಾಭ ಕರಗುತ್ತದೆ.

ಹಾಗಾಗಿ ನಾಲ್ಕು ಮಾತು. ತಿಂಗಳಿಗೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರ್ ನೋಡಿ. ಒಂದರಲ್ಲಿ ಮಾಸಲು ಕಂಡರೆ ತಡ ಮಾಡಬೇಡಿ. ಪರೀಕ್ಷೆಗೆ ಹೋದಾಗ "ಸಂಜೆ ಕಷ್ಟ" ಎಂದು ಬಾಯಿಬಿಟ್ಟು ಹೇಳಿ. ಕೇಳದಿದ್ದರೆ ಕಾಂಟ್ರಾಸ್ಟ್ ಯಾರೂ ಅಳೆಯುವುದಿಲ್ಲ. ಪ್ರಬಲ ಕಣ್ಣಿಗೆ ದೂರದ, ಇನ್ನೊಂದಕ್ಕೆ ಹತ್ತಿರದ ಲೆನ್ಸ್ ಹಾಕುವ ಮೋನೋವಿಷನ್ ಚಾಳೀಸಿಗೆ ಅನುಕೂಲ. ಆದರೆ ಅದರಿಂದ ಆಳದ ಅಂದಾಜು ಕಡಿಮೆಯಾಗುತ್ತದೆ. ವಾಹನ ಓಡಿಸುವವರು, ಎತ್ತರದಲ್ಲಿ ಕೆಲಸ ಮಾಡುವವರು ಅದನ್ನು ಮೊದಲೇ ತಿಳಿಸಿ. ಸಕ್ಕರೆ ಇದ್ದವರು ವರ್ಷಕ್ಕೊಮ್ಮೆ ಅಕ್ಷಿಪಟಲ ತೋರಿಸಿ.

ಆ ಚಾಲಕರು ರಜೆಗೆ ಊರಿಗೆ ಹೋದಾಗ ಪೊರೆ ತೆಗೆಸಿಕೊಂಡರು. ಈಗಲೂ ಅದೇ ಕೆಲಸದಲ್ಲಿದ್ದಾರೆ. ಹೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರಿದ್ದರು, ಹೇಳಿದ್ದರಿಂದಲೇ ಉಳಿಯಿತು. ಊರಲ್ಲಿ ನಿಮ್ಮ ದಾರಿ ಕಾಯುವವರಿದ್ದಾರೆ. ಅವರಿಗಾಗಿಯಾದರೂ ಎರಡೂ ಕಣ್ಣನ್ನು ಬೇರೆಬೇರೆಯಾಗಿ ವಿಚಾರಿಸಿಕೊಳ್ಳಿ.