ಪಿತೃಲೋಕದ ಒಂದು ಹಗಲು

(ಹೈದರಾಬಾದಿನ ಶಾಖಾಮಠದಲ್ಲಿ ಮಹಾಲಯ ಪಕ್ಷದ ನಿಮಿತ್ತ ಮಾಡಿದ ಉಪನ್ಯಾಸದ ಲಿಖಿತರೂಪ)

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಅಮಾವಾಸ್ಯೆಯಂದು ತಪ್ಪದೆ ತಿಲತರ್ಪಣ ಕೊಡುವ ಗೃಹಸ್ಥರು ಈ ಭಾಗ್ಯನಗರದಲ್ಲಿ ಇಂದಿಗೂ ಇದ್ದಾರೆ. ಆದರೆ ಕಚೇರಿಯ ವೇಳೆ, ದೂರದ ಓಡಾಟ, ಮಕ್ಕಳ ವಿದೇಶವಾಸ ಮುಂತಾದ ಕಾರಣಗಳಿಂದ ಹಲವು ಮನೆಗಳಲ್ಲಿ ವಾರ್ಷಿಕ ಶ್ರಾದ್ಧವೊಂದೇ ಉಳಿದಿದೆ. ವರ್ಷಕ್ಕೊಮ್ಮೆ ಮಾಡಿದರೆ ಸಾಲದೇ ಎಂದು ಕಿರಿಯರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಪಿತೃಲೋಕದ ಕಾಲಮಾನದಲ್ಲಿಯೇ ಇದೆ.

ಪಿತೃಲೋಕವು ಮರ್ತ್ಯಲೋಕಕ್ಕೆ ಹಿಡಿದ ಕನ್ನಡಿಯಂತಿದೆ. ಅಲ್ಲಿಯೂ ಹಗಲು-ರಾತ್ರಿಗಳುಂಟು, ಹಸಿವು-ತೃಪ್ತಿಗಳುಂಟು, ತಂದೆ, ತಾತ, ಮುತ್ತಾತ ಎಂಬ ತಲೆಮಾರುಗಳುಂಟು. ಅಳತೆ ಮಾತ್ರ ಬೇರೆ. ಮನುಷ್ಯರ ಒಂದು ಚಾಂದ್ರಮಾಸವು ಪಿತೃಗಳಿಗೆ ಒಂದು ಅಹೋರಾತ್ರ.

1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯರು ಪಿತೃಗಳ ವಾಸ ಚಂದ್ರನ ಮೇಲ್ಭಾಗದಲ್ಲಿ ಎಂದು ತಿಳಿಸಿ, ಅಮಾವಾಸ್ಯೆಯಂದು ಅವರಿಗೆ ನಡುಹಗಲೆಂದು ವಿವರಿಸಿದ್ದಾರೆ. ಚಂದ್ರನ ಒಂದು ದಿನ ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳಷ್ಟು ದೀರ್ಘ. ಅಮಾವಾಸ್ಯೆಯಂದು ಭೂಮಿಗೆ ಕಾಣದ ಮುಖದ ಮೇಲೆಯೇ ಬಿಸಿಲು. ಆ ಮುಖದ ಛಾಯಾಚಿತ್ರ ಮೊದಲು ದೊರೆತದ್ದು 1959ರಲ್ಲಿ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3ರ ಉಪಕರಣಗಳು ಅಲ್ಲಿಯ ಒಂದೇ ಹಗಲು, ಅಂದರೆ ಸುಮಾರು 14 ದಿನ, ಕೆಲಸ ಮಾಡಲೆಂದು ಸಿದ್ಧವಾಗಿದ್ದವು. ಯಂತ್ರಗಳು ಪಿತೃಗಳನ್ನು ಕಾಣಲಾರವು. ಅದು ಶಾಸ್ತ್ರೈಕಗಮ್ಯವಾದ ವಿಷಯ. ಆದರೆ ಕಾಲದ ಲೆಕ್ಕ ಎರಡು ಕಡೆಯೂ ಒಂದೇ.

ಹೀಗಿರುವಾಗ ಅಮಾವಾಸ್ಯೆಯ ತರ್ಪಣವೆಂದರೆ ಪಿತೃಗಳ ನಿತ್ಯದ ಮಧ್ಯಾಹ್ನದ ಊಟ. ಮನೆಯಲ್ಲಿ ಒಂದು ವರ್ಷ ಕಳೆದರೆ ಅವರಿಗೆ ಹನ್ನೆರಡು ದಿನ. ವಾರ್ಷಿಕ ಶ್ರಾದ್ಧವೊಂದನ್ನೇ ಮಾಡುವವನು ಹೆತ್ತವರಿಗೆ ಹನ್ನೆರಡು ದಿನಕ್ಕೊಮ್ಮೆ ಎಲೆ ಹಾಕಿದಂತಾಯಿತು!

ಆ ಅನ್ನ ಅವರನ್ನು ತಲುಪುವ ಬಗೆ ಹೇಗೆ? ತಂದೆಯಲ್ಲಿ ವಸು, ತಾತನಲ್ಲಿ ರುದ್ರ, ಮುತ್ತಾತನಲ್ಲಿ ಆದಿತ್ಯ. ಅವರೊಳಗೆ ಕ್ರಮವಾಗಿ ಪ್ರದ್ಯುಮ್ನ, ಸಂಕರ್ಷಣ, ವಾಸುದೇವರೂಪಿ ಶ್ರೀಹರಿ ಎಂಬ ಅನುಸಂಧಾನವೇ ಮಾಧ್ವ ಸಂಪ್ರದಾಯದ ಉತ್ತರ. ಮುಖ್ಯಪ್ರಾಣಾಂತರ್ಗತನಾದ ಸ್ವಾಮಿಯೇ ಸ್ವೀಕರಿಸಿ, ಅವರು ಯಾವ ಜನ್ಮದಲ್ಲಿದ್ದರೂ ತೃಪ್ತಿಪಡಿಸುತ್ತಾನೆ.

ಇನ್ನೊಂದು ಮಾತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಅಫ್ಜಲ್‌ಗಂಜಿನ ಹುಣಿಸೆಮರವನ್ನೇರಿ ಬದುಕಿದವರನ್ನು ಊರು ಇಂದಿಗೂ ನೆನೆಯುತ್ತದೆ. ಕೊಚ್ಚಿಹೋದವರಲ್ಲಿ ಎಷ್ಟೋ ಮಂದಿಯ ಹೆಸರು ಹೇಳುವವರಿಲ್ಲ. 2020-21ರ ಕೊರೋನಾ ಕಾಲದಲ್ಲಿಯೂ ಎಷ್ಟೋ ಮಂದಿ ಬಂಧುಗಳು ಬಳಿಯಿಲ್ಲದೆ ತೆರಳಿದರು. ತರ್ಪಣದ ಕೊನೆಯಲ್ಲಿ ಗೋತ್ರ, ಬಂಧು, ಸಂತತಿ ಇಲ್ಲದವರಿಗೂ ಒಂದು ಬೊಗಸೆ ನೀರುಂಟು. ಅವಸರದಲ್ಲಿ ಅದನ್ನು ಬಿಡಬಾರದು. ಸ್ವಂತ ಮನೆಯವರಿಗೆ ನೆನೆಯುವ ಮಕ್ಕಳಾದರೂ ಇದ್ದಾರೆ. ಅವರಿಗೆ ಆ ಬೊಗಸೆಯೊಂದೇ ಆಧಾರ.

ವಿಸ್ತಾರವಾದ ಶ್ರಾದ್ಧ ಅಸಾಧ್ಯವಾದರೆ ಎಳ್ಳು-ನೀರಾದರೂ ಸಾಕು; ಶ್ರದ್ಧೆಯಿದ್ದಲ್ಲಿಯೇ ಶ್ರಾದ್ಧ.

॥ ಶ್ರೀಕೃಷ್ಣಾರ್ಪಣಮಸ್ತು ॥